ಸುರೇಖಾಳ ಹಳೇ ಅಕ್ಷರ

ಡಿಗ್ರಿ ಓದುವ ಹುಡುಗಿಯರಿಗೆ ಬಿಡುವು ಎಲ್ಲಿಯದು ಎಂದು ಕೇಳುವವರು ಗೊರೇಬಾಳದಿಂದ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸನ್ನು ಒಮ್ಮೆ ಹತ್ತಿ ನೋಡಬೇಕು. ಒಬ್ಬಳು ಫೋನಿನಲ್ಲಿ ಧಾರಾವಾಹಿಯ ನಿನ್ನೆಯ ಕಂತು ನೋಡುತ್ತಿರುತ್ತಾಳೆ, ಇನ್ನೊಬ್ಬಳು ಉಲ್ಲನ್ನಿನ ಉಂಡೆ ಮಡಿಲಲ್ಲಿಟ್ಟುಕೊಂಡು ಬಾಗಿಲಿನ ತೋರಣ ಹೆಣೆಯುತ್ತಿರುತ್ತಾಳೆ, ಮತ್ತೊಬ್ಬಳು ಕಿಟಕಿಗೆ ತಲೆ ಆನಿಸಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುತ್ತಾಳೆ. ನಿದ್ದೆಯೂ ಒಂದು ಹವ್ಯಾಸವೇ, ಅಲ್ಲ ಎನ್ನಲು ನಾವ್ಯಾರು. ಆದರೆ ಬಿ.ಎ. ಕೊನೆಯ ವರ್ಷದ ಸುರೇಖಾಳದು ಬೇರೆ ಯಾರಿಗೂ ಇಲ್ಲದ ಹುಚ್ಚು. ಅವಳು ಬಸ್ಸಿನ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಅಶೋಕನ ಕಾಲದ ಅಕ್ಷರ ಬರೆಯುತ್ತಿದ್ದಳು.

ಈ ಹುಚ್ಚು ಹತ್ತಿದ್ದು ಮಸ್ಕಿಯಲ್ಲಿ. ಎರಡನೇ ವರ್ಷದಲ್ಲಿ ಕಾಲೇಜಿನವರು ಅಲ್ಲಿಯ ಗುಡ್ಡದ ಶಾಸನ ತೋರಿಸಲು ಕರೆದುಕೊಂಡು ಹೋಗಿದ್ದರು. ಇತಿಹಾಸದ ಮೇಷ್ಟ್ರು ಇದು ಬ್ರಾಹ್ಮಿ ಲಿಪಿ, ಒಂದು ಮಾರ್ಕಿಗೆ ಬಂದರೂ ಬರಬಹುದು ಎಂದು ಹೇಳಿ ನೆರಳು ಹುಡುಕಿಕೊಂಡು ಹೋದರು. ಗೆಳತಿಯರು ಫೋಟೋ ತೆಗೆದುಕೊಂಡು ಮಂಡಾಳು ಒಗ್ಗರಣೆ ತಿನ್ನಲು ಅಂಗಡಿಯ ಕಡೆ ನಡೆದರು. ಸುರೇಖಾ ಮಾತ್ರ ಶಾಸನದ ಮುಂದಿನ ಕಬ್ಬಿಣದ ಕಂಬಿ ಹಿಡಿದು ನಿಂತೇ ಇದ್ದಳು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು, ಪಕ್ಕದಲ್ಲಿ ಅಂಬೇಡ್ಕರರದು. ಆ ಬುದ್ಧನನ್ನು ನಂಬಿದ ರಾಜ ತಾನೇ ಕೆತ್ತಿಸಿದ ಮಾತು ತಮ್ಮ ಊರಿನಿಂದ ಒಂದು ಬಸ್ಸಿನ ದೂರದಲ್ಲಿ ಇಷ್ಟು ದಿನ ಇದ್ದು, ತಾನು ಅದನ್ನು ಓದಲಾರದೆ ನಿಂತಿದ್ದೇನಲ್ಲ ಎಂದು ಅವಳಿಗೆ ಅನಿಸಿತು. ಆವತ್ತು ರಾತ್ರಿಯೇ ಫೋನಿನಲ್ಲಿ ಅಕ್ಷರಮಾಲೆ ಹುಡುಕಿಟ್ಟುಕೊಂಡಳು.

ಕಲಿತದ್ದನ್ನು ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಲಿಂಗಸುಗೂರಿನ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸದ ನೌಕರಿಯಲ್ಲಿದ್ದ ಅಪ್ಪ ಅಂಬಪ್ಪ ವಾರಕ್ಕೊಮ್ಮೆ ಮನೆಗೆ ಬಂದಾಗ, ಇದಕ್ಕೆ ಎಲ್ಲಾದರೂ ನೌಕರಿ ಕೊಡುತ್ತಾರೇನು ಎಂದು ಕೇಳಿದ. ಇಲ್ಲ ಎಂದಳು. ಹಾಗಾದರೆ ಪರೀಕ್ಷೆ ಮುಗಿದ ಮೇಲೆ ಬರಿ ಎಂದ. ಅವಳು ತಲೆಯಾಡಿಸಿದಳು, ಬರೆಯುವುದನ್ನು ಬಿಡಲಿಲ್ಲ. ಗೆಳತಿ ಚಾಂದ್‌ಬೀಯ ಮದುವೆಯಲ್ಲಂತೂ ಈ ಅಕ್ಷರಕ್ಕೆ ಭಾರೀ ಕಿಮ್ಮತ್ತು ಬಂತು. ಮದುಮಗಳ ಕೈಯ ಮೆಹಂದಿಯಲ್ಲಿ ಗಂಡಿನ ಹೆಸರು ಅಡಗಿಸಿಡುವುದು, ಅವನು ಅದನ್ನು ಹುಡುಕಿ ತೆಗೆಯುವುದು ರೂಢಿಯಲ್ಲವೇ? ಸುರೇಖಾ ಅದನ್ನು ಬ್ರಾಹ್ಮಿಯಲ್ಲಿ ಬರೆದುಬಿಟ್ಟಳು. ಪಾಪ, ಆ ಹುಡುಗ ಸಂಜೆಯವರೆಗೆ ಅಂಗೈ ತಿರುಗಿಸಿ ತಿರುಗಿಸಿ ನೋಡಿ ಸೋತು, ಸೋತದ್ದಕ್ಕೆ ಹೆಣ್ಣಿನ ಕಡೆಯವರಿಗೆಲ್ಲ ಐಸ್‌ಕ್ರೀಮ್ ಕೊಡಿಸಿದ. ಯಾರೂ ಓದಲಾಗದ್ದೇ ಅಲ್ಲಿ ತಮಾಷೆ. ಸುರೇಖಾ ಅದನ್ನು ತಮಾಷೆಯಾಗಿಯೇ ಸವಿದಳು.

ಇನ್ನು ಅವಳ ಅವ್ವ ಗದ್ದೆಮ್ಮನ ವಿಷಯ. ನಾಟಿ ಕೆಲಸಕ್ಕೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಜವಳಗೇರಾದ ಕಾಲುವೆ ಕೆಳಗಿನ ರೈತರೂ ಗದ್ದೆಮ್ಮನ ಗುಂಪು ಸಿಕ್ಕರೆ ಬೇರೆಯವರನ್ನು ಕೇಳುತ್ತಿರಲಿಲ್ಲ. ಅವಳ ಮಾತಿಗೆ ಎದುರಿಲ್ಲ, ಅವಳ ಹಂಚಿಕೆಯಲ್ಲಿ ತಕರಾರಿಲ್ಲ. ಹೀಗಿರುವಾಗ ಮಹಿಳಾ ಸಂಘದ ಅಧ್ಯಕ್ಷೆ ಗ್ಯಾನಮ್ಮ ಕಣ್ಣು ಮಂಜಾಯಿತೆಂದು ಆ ಜಾಗ ಬಿಟ್ಟುಕೊಟ್ಟಳು. ಹೆಂಗಸರೆಲ್ಲ ಒಂದೇ ದನಿಯಲ್ಲಿ ಗದ್ದೆಮ್ಮನ ಹೆಸರು ಹೇಳಿದರು. ತೊಡಕು ಒಂದೇ, ಅವಳಿಗೆ ಓದು ಬರಹ ಬಾರದು. ಅಧ್ಯಕ್ಷೆಯಾದವಳು ಸಹಿ ಮಾಡಬೇಕು, ಹೆಬ್ಬೆಟ್ಟು ನಡೆಯುವುದಿಲ್ಲ ಎಂದು ಸಂಘದವರೇ ಹಿಂದೆ ಕಟ್ಟು ಮಾಡಿಕೊಂಡಿದ್ದರು. ಗದ್ದೆಮ್ಮನಿಗೆ ಅಧ್ಯಕ್ಷೆ ಆಗಬೇಕೆಂಬ ಆಸೆ ಇತ್ತು. ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಡಲಿಲ್ಲ. ಇಡೀ ಆಯುಷ್ಯದಲ್ಲಿ ಅವಳು ತನಗಾಗಿ ಬೇಕು ಎಂದದ್ದು ಇದೊಂದನ್ನೇ.

ಹಿಂದೊಮ್ಮೆ ಸಾಕ್ಷರತೆಯ ರಾತ್ರಿ ಶಾಲೆಗೆ ಅವಳು ಹೋಗಿದ್ದಳು. ಗ ಬಂತು. ಆಮೇಲೆ ದ ಅಕ್ಷರದ ಕೆಳಗೆ ಇನ್ನೊಂದು ದ, ಮ ಅಕ್ಷರದ ಕೆಳಗೆ ಇನ್ನೊಂದು ಮ ಎಂದಾಗ ಕೈ ಕೇಳಲಿಲ್ಲ. ಕೆಸರಿನಲ್ಲಿ ಸಸಿ ಊರಿ ಊರಿ ಬಿರುಸಾದ ಬೆರಳು, ಬಳಪವನ್ನು ಬಳುಕಿಸುವುದು ಹೇಗೆ? ಬಿಟ್ಟುಬಿಟ್ಟಿದ್ದಳು.

ಜನವರಿಯ ನಾಟಿ ನಡೆದ ದಿನಗಳು. ಸುರೇಖಾ ಕಾಲೇಜಿಗೆ ರಜೆ ಇದ್ದಾಗ ಅವ್ವನಿಗೆ ಬುತ್ತಿ ಒಯ್ಯುತ್ತಿದ್ದಳು. ಉಂಡಾದ ಮೇಲೆ ಬದುವಿನ ಹಸಿ ಮಣ್ಣಿನಲ್ಲಿ ಕಡ್ಡಿಯಿಂದ ಗೀಚುತ್ತಾ ಕೂತಿರುತ್ತಿದ್ದಳು. ಏನದು ಎಂದಳು ಗದ್ದೆಮ್ಮ. ಅಕ್ಷರ ಎಂದಳು ಮಗಳು. ನನ್ನ ಹೆಸರು ಬರಿ ನೋಡೋಣ ಎಂದಾಗ ಮೂರೇ ಗುರುತು ಬರೆದಳು. ಅಶೋಕನ ಬರಹದಲ್ಲಿ ಒತ್ತಕ್ಷರದ ಕಾಟವಿಲ್ಲ, ಗದೆಮ ಎಂದು ಬರೆದರೆ ಮುಗಿಯಿತು. ಮೊದಲನೆಯದು ಗುಡಿಸಲಿನ ಮಾಡಿನ ಹಾಗೆ, ಎರಡನೆಯದು ಬಗ್ಗಿದ ಕುಡುಗೋಲು, ಅದರ ನೆತ್ತಿಗೆ ಎಡಕ್ಕೊಂದು ಗೀಟು, ಮೂರನೆಯದು ಎರಡು ಕೊಂಬು ಬಂದ ಗಡಿಗೆ. ಗದ್ದೆಮ್ಮ ಕಡ್ಡಿ ಕಸಿದುಕೊಂಡು ಅದರ ಪಕ್ಕದಲ್ಲೇ ಬರೆದಳು. ಒಂದೇ ಸಲಕ್ಕೆ ಬಂತು.

“ಇಷ್ಟು ಸಸಾರ ಇತ್ತೇನ ಬೇ? ಆ ಮಾಸ್ತರ ಯಾಕ ಅಷ್ಟು ತ್ರಾಸ ಕೊಟ್ಟ ನನಗ?” ಎಂದಳು.

ಸುರೇಖಾ ನಕ್ಕು, ಇವು ಹಳೇ ಅಕ್ಷರ ಯವ್ವ ಎಂದಳು. ಅಷ್ಟೇ ಎಂದಳು. ಅವಳ ಲೆಕ್ಕದಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿತ್ತು. ಆದರೆ ಗದ್ದೆಮ್ಮನಿಗೆ ಹಳೇದು ಎಂದರೆ ಭತ್ತ. ಹಳೇ ತಳಿ ಎತ್ತರ ಬೆಳೆಯುತ್ತದೆ, ಹೊಸ ತಳಿ ಬೇಗ ಬರುತ್ತದೆ, ಕುಟ್ಟಿಸಿದರೆ ಎರಡೂ ಅಕ್ಕಿಯೇ, ಬೇಯಿಸಿದರೆ ಎರಡೂ ಅನ್ನವೇ. ಅಕ್ಷರದಲ್ಲೂ ಹಾಗೇ ಹಳೇ ತಳಿ ಇರುತ್ತದೆ, ಈಗಿನವರು ಬಿಟ್ಟಿದ್ದಾರೆ, ಆದರೂ ಕಂಡರೆ ಗುರುತು ಹಿಡಿಯುತ್ತಾರೆ ಎಂದು ಅವಳು ತಿಳಿದಳು. ತಿಳಿದವಳು ಮತ್ತೆ ಕೇಳಲಿಲ್ಲ, ಯಾಕೆಂದರೆ ಹೇಳಿದವಳು ಡಿಗ್ರಿ ಓದುವ ಮಗಳು.

ಅಲ್ಲಿಂದ ಮುಂದೆ ಗದ್ದೆಮ್ಮ ಬರೆದದ್ದೇ ಬರೆದದ್ದು. ಒಲೆಯ ಬೂದಿಯಲ್ಲಿ ಬರೆದಳು, ಹಿಟ್ಟಿನ ಪರಾತದಲ್ಲಿ ಬರೆದಳು, ನಾಟಿ ಮುಗಿಸಿ ಎದ್ದಾಗ ಬದುವಿನ ಮೇಲೆ ಬರೆದು ಕಾಲಿನಿಂದ ಒರೆಸಿದಳು. ಸುರೇಖಾಳಿಗೆ ಖುಷಿಯೋ ಖುಷಿ. ತನ್ನ ಹುಚ್ಚಿಗೆ ಮನೆಯಲ್ಲೇ ಒಬ್ಬ ಜೊತೆಗಾತಿ ಸಿಕ್ಕಳು ಎಂದುಕೊಂಡಳು. ಅವ್ವ ಬೇರೆಯೇ ಒಂದು ಕೆಲಸಕ್ಕೆ ಕೈ ಹದ ಮಾಡಿಕೊಳ್ಳುತ್ತಿದ್ದಾಳೆ ಎಂಬುದು ಆ ಜಾಣೆಗೆ ಹೊಳೆಯಲೇ ಇಲ್ಲ. ಓದಿದವರ ತಲೆಗೆ ಒಮ್ಮೊಮ್ಮೆ ಹೀಗೆ ಮಂಕು ಕವಿಯುತ್ತದೆ ನೋಡಿ.

ಸಂಘದ ಸಭೆ ಪದ್ಮಾವತಿಯ ಮನೆಯ ಕಟ್ಟೆಯ ಮೇಲೆ ಸೇರಿತು. ಪದ್ಮಾವತಿ ಪಿಯುಸಿ ಓದಿದವಳು, ಸಂಘದ ಬರಹವೆಲ್ಲ ಅವಳದೇ. ಕೆಟ್ಟವಳಲ್ಲ, ಬಾಯಿ ಸ್ವಲ್ಪ ಜೋರು. ಗದ್ದೆಮ್ಮ ಎಣ್ಣೆ ಹಚ್ಚಿ ತಲೆ ಬಾಚಿ, ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆ ಉಟ್ಟು, ನೀನೂ ಬಾ ಎಂದು ಮಗಳನ್ನು ಎಳೆದುಕೊಂಡು ಹೋಗಿದ್ದಳು. ಅಧ್ಯಕ್ಷೆಯ ಮಾತು ಬಂದಾಗ ಅವಳೇ ಸಭೆಯ ಕಾಗದ ಎಳೆದುಕೊಂಡು, ಕೈ ಚಾಚಿ ಪೆನ್ನು ಕೇಳಿದಳು. ಸುರೇಖಾಳಿಗೆ ವಿಷಯ ಹೊಳೆದದ್ದು ಆಗ. ಏಳಬೇಕು, ತಡೆಯಬೇಕು ಅಂದುಕೊಳ್ಳುವಷ್ಟರಲ್ಲಿ ಗುಡಿಸಲು, ಕುಡುಗೋಲು, ಗಡಿಗೆ ಮೂರೂ ಕಾಗದದ ಮೇಲೆ ಇಳಿದಿದ್ದವು. ಗದ್ದೆಮ್ಮ ತಲೆ ಎತ್ತಿ ಎಲ್ಲರನ್ನೂ ನೋಡಿದಳು.

ಪದ್ಮಾವತಿ ಕಾಗದ ತಿರುಗಿಸಿ ನೋಡಿದಳು. “ಗದ್ದೆಮ್ಮಕ್ಕ, ಸಹಿ ಮಾಡು ಅಂದ್ರ ರಂಗೋಲಿ ಹಾಕೀಯಲ್ಲ” ಎಂದಳು.

ಹೆಂಗಸರೆಲ್ಲ ನಕ್ಕರು. ಗದ್ದೆಮ್ಮನೂ ನಕ್ಕಳು, ಪದ್ಮಾವತಿಯ ಮಾತು ಯಾವಾಗಲೂ ಹೀಗೇ ಎಂದು. ಕಾಗದ ಕೈಯಿಂದ ಕೈಗೆ ಹೋಯಿತು, ನಗು ನಿಲ್ಲಲಿಲ್ಲ. ಆಗ ಅವಳ ನಗು ಮೆಲ್ಲಗೆ ಆರಿತು. ಸುರೇಖಾ ಎದ್ದು ನಿಂತು, ಅದು ಅವ್ವನ ಹೆಸರೇ, ತಪ್ಪಿಲ್ಲ, ಅದು ಬ್ರಾಹ್ಮಿ ಲಿಪಿ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

“ಇರಲಿ ಬಿಡವಾ, ನೀ ಓದಿದಾಕಿ, ನಿನಗ ಗೊತ್ತು” ಎಂದಳು ಪದ್ಮಾವತಿ. “ಆದ್ರ ಇದನ್ನ ಓದಾವ್ರು ಯಾರದಾರ?”

ಗದ್ದೆಮ್ಮ ಮಗಳ ಮುಖ ನೋಡಿದಳು, ಕಾಗದ ನೋಡಿದಳು, ಆಮೇಲೆ ಯಾರನ್ನೂ ನೋಡಲಿಲ್ಲ. ಶಾಯಿಯ ಪ್ಯಾಡು ಎಳೆದುಕೊಂಡು ಎಂದಿನಂತೆ ಸಭೆಯ ಹಾಜರಿಗೆ ಹೆಬ್ಬೆಟ್ಟು ಒತ್ತಿ ಸೆರಗಿಗೆ ಒರೆಸಿಕೊಂಡಳು. ಅಧ್ಯಕ್ಷೆಯ ವಿಷಯವನ್ನು ಅಂಬೇಡ್ಕರ್ ಜಯಂತಿ ಕಳೆದ ಮೇಲೆ ಬ್ಯಾಂಕಿಗೆ ಹೋಗುವಾಗ ನೋಡೋಣ, ಅಷ್ಟರಲ್ಲಿ ಕಲಿತರೆ ಸರಿ, ಇಲ್ಲವಾದರೆ ಬೇರೆಯವರು ಎಂದು ಪದ್ಮಾವತಿ ಮಾತು ಮುಗಿಸಿದಳು.

ದಾರಿಯುದ್ದಕ್ಕೂ ಗದ್ದೆಮ್ಮ ಬಿರಬಿರನೆ ಮುಂದೆ ನಡೆದಳು. ಮನೆಗೆ ಬಂದು ಹಸಿರು ಸೀರೆ ಬಿಚ್ಚಿ ಮಡಿಸಿಟ್ಟಳು, ರೊಟ್ಟಿಗೆ ಹಿಟ್ಟು ಕಲಸಲು ಕೂತಳು. ಬೈದಿದ್ದರೆ ಸುರೇಖಾ ಅತ್ತು ಹಗುರಾಗುತ್ತಿದ್ದಳು. ಬೈಯಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ ತಟ್ಟೆ ನೋಡುತ್ತಾ ಒಂದು ಮಾತು ಅಂದಳು.

“ನಿನಗ ಅದು ಆಟ ಇತ್ತಲ್ಲ ಬೇ?”

ಸುರೇಖಾ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಇಟ್ಟಳು. ಹೌದು, ಆಟವೇ ಆಗಿತ್ತು. ಮದುಮಗನನ್ನು ಸತಾಯಿಸಿದ ಹಾಗೆ, ಬಸ್ಸಿನ ಗಾಜಿನ ಮೇಲೆ ಗೀಚಿದ ಹಾಗೆ. ತನ್ನ ಬಳಿ ಕನ್ನಡದ ಲಿಪಿ ಇತ್ತು, ಇಂಗ್ಲಿಷಿನದೂ ಇತ್ತು, ಹಿಂದಿಯದೂ ಇತ್ತು. ಆದ್ದರಿಂದ ಇದು ಆಟವಾಯಿತು. ಅವ್ವನ ಬಳಿ ಇದ್ದದ್ದು ಇದೊಂದೇ. ಇದನ್ನು ಮೂರು ವರ್ಷದ ಓದು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆ ರಾತ್ರಿ ಅವಳು ತನ್ನ ಮೇಲೆ ತಾನೇ ಸಿಟ್ಟು ಮಾಡಿಕೊಂಡು, ಫೋನಿನಲ್ಲಿದ್ದ ಬ್ರಾಹ್ಮಿಯ ಅಕ್ಷರಮಾಲೆ ಅಳಿಸಿಹಾಕಿದಳು.

ಮರುದಿನದಿಂದ ಕನ್ನಡ ಕಲಿಸುತ್ತೇನೆ ಬಾ ಎಂದು ಬೆನ್ನು ಹತ್ತಿದಳು. ಗದ್ದೆಮ್ಮ ಒಲ್ಲೆ ಎಂದಳು. ಮತ್ತೆ ಕರೆದಳು, ಮತ್ತೆ ಒಲ್ಲೆ. ಸ್ಲೇಟಿನ ಮೇಲೆ ಗ ಬರೆದು ಮುಂದೆ ಹಿಡಿದಾಗ ಗದ್ದೆಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ.

“ಇದಾದ್ರೂ ಖರೇ ಅಕ್ಷರ ಅಂತ ನನಗ ಹೆಂಗ ತಿಳೀಬೇಕು?” ಎಂದಳು.

ಯಾರಿಗೆ ಓದು ಬರುವುದಿಲ್ಲವೋ ಅವರು ಎಲ್ಲವನ್ನೂ ಬೇರೆಯವರ ಬಾಯಿಯ ಮೇಲೆ ನಂಬಿ ಬದುಕಬೇಕು. ಒಮ್ಮೆ ಆ ನಂಬಿಕೆ ಜಾರಿದರೆ ಎತ್ತಿ ನಿಲ್ಲಿಸುವುದು ಹೇಗೆ? ಸುರೇಖಾ ಇದನ್ನು ಬಸ್ಸಿನಲ್ಲಿ ಯೋಚಿಸಿದಳು, ತರಗತಿಯಲ್ಲಿ ಯೋಚಿಸಿದಳು, ಆರನೇ ಸೆಮಿಸ್ಟರಿನ ಪುಸ್ತಕ ತೆರೆದಿಟ್ಟುಕೊಂಡು ಒಂದೇ ಪುಟದಲ್ಲಿ ಕೂತು ಯೋಚಿಸಿದಳು. ಭಾನುವಾರ ಅಂಬಪ್ಪ ಲಿಂಗಸುಗೂರಿನಿಂದ ಬಂದಾಗ ಅವನ ಮುಂದೆ ಎಲ್ಲ ಹೇಳಿ ಅತ್ತಳು. ಅವನು ಸಮಾಧಾನದ ಮನುಷ್ಯ. ಬಾಯಿಮಾತಿನಲ್ಲಿ ಬಗೆಹರಿಯುವುದಲ್ಲ ಇದು, ಕರೆದುಕೊಂಡು ಹೋಗಿ ಆ ಕಲ್ಲನ್ನೇ ತೋರಿಸು, ಹೆಂಗಸರಿಗೆ ಬಸ್ಸಿಗೇನೂ ಟಿಕೀಟಿಲ್ಲ ಎಂದ. ಹೆಂಡತಿಗೂ ಅವನೇ ಹೇಳಿದ. ಗಂಡನ ಮಾತಿಗೆ ಗದ್ದೆಮ್ಮ ಹೂಂ ಎಂದಳು.

ಮಸ್ಕಿಯ ಗುಡ್ಡದ ಬುಡದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಕಾವಲಿನ ಬಾಬುಸಾಬ್ ನೀರು ಕೊಟ್ಟು, ಹೆಚ್ಚು ಜನ ಬರುವುದಿಲ್ಲ, ಆರಾಮ ನೋಡಿರಿ ಎಂದ. ಗದ್ದೆಮ್ಮ ಚಪ್ಪಲಿ ಬಿಟ್ಟು ಕಂಬಿಯ ಮುಂದೆ ನಿಂತಳು. ಸುರೇಖಾ ಏನೂ ಹೇಳಬಾರದೆಂದು ಹಲ್ಲು ಕಚ್ಚಿ ಹಿಂದೆ ನಿಂತಳು. ಗದ್ದೆಮ್ಮ ಕಣ್ಣು ಕಿರಿದು ಮಾಡಿ ಬಂಡೆಯ ಸವೆದ ಗೀಟುಗಳನ್ನು ಸಸಿಮಡಿ ನೋಡುವ ಹಾಗೆ ಒಂದು ಕಡೆಯಿಂದ ನೋಡುತ್ತಾ ಬಂದಳು. ಆಮೇಲೆ ಅವಳ ಬೆರಳು ಕಂಬಿಯೊಳಗೆ ಹೋಯಿತು.

“ಅಕಾ ನೋಡು, ನನ್ನ ಕುಡಗೋಲ” ಎಂದಳು.

ಅದು ಶಾಸನದ ಮೊಟ್ಟಮೊದಲ ಅಕ್ಷರ. ದೇವರಿಗೆ ಪ್ರಿಯನಾದವನು ಎಂದು ರಾಜ ತನ್ನನ್ನು ಕರೆದುಕೊಂಡ ಮಾತಿನ ದೇ. ನೆತ್ತಿಯ ಮೇಲಿನ ಎಡಗಡೆಯ ಗೀಟು ಸಮೇತ ಇತ್ತು. ಆಮೇಲೆ ಗಡಿಗೆಯೂ ಸಿಕ್ಕಿತು, ಗುಡಿಸಲೂ ಸಿಕ್ಕಿತು. ಒಂದು ಕಡೆ ಅಲ್ಲ, ಅಲ್ಲೊಂದು ಇಲ್ಲೊಂದು. ಗದ್ದೆಮ್ಮ ಸಿಕ್ಕಿದ್ದನ್ನೆಲ್ಲ ಬೆರಳು ಮಾಡಿ ತೋರಿಸಿದಳು. ಬಂಡೆಯ ಮೇಲೆ ಇದ್ದಾವೆ ಎಂದರೆ ಮಗಳು ಕಟ್ಟಿ ಹೇಳಿದ್ದಲ್ಲ ಎಂದಾಯಿತು. ಅವಳು ತಿರುಗಿ, ಇದನ್ನು ಆ ರಾಜ ಯಾರಿಗಾಗಿ ಬರೆಸಿದ್ದ ಎಂದು ಕೇಳಿದಳು. ಹೋಗುವ ಬರುವ ಜನರೆಲ್ಲರಿಗೆ ಎಂದು, ಆದರೆ ಕಾಲ ಕಳೆದ ಹಾಗೆ ಜನ ಈ ಅಕ್ಷರ ಮರೆತರೆಂದು, ನೂರಾರು ವರ್ಷ ಇದನ್ನು ಓದುವವರು ಒಬ್ಬರೂ ಇರಲಿಲ್ಲವೆಂದು ಸುರೇಖಾ ಹೇಳಿದಳು.

“ಅಂದ್ರ ರಾಜಂದೂ ಯಾರಿಗೂ ಓದಾಕ ಬರದಂಗ ಆಗಿತ್ತೇನು?”

ಹೌದು ಎಂದಳು ಸುರೇಖಾ. ಗದ್ದೆಮ್ಮ ನಕ್ಕಳು. ಸಭೆಯ ದಿನದಿಂದ ಈಚೆಗೆ ಅವಳು ನಕ್ಕದ್ದು ಅದೇ ಮೊದಲು. ಪಾಪ ಅವ ಎಂದಳು.

ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಸಿಂಧನೂರಿನ ಬಸ್ಸು ತಡವಿತ್ತು. ಮುದಗಲ್ಲಿನ ಬಸ್ಸು ಎದುರಿಗೆ ಬಂದು ನಿಂತಿತು. ಗದ್ದೆಮ್ಮ ಅದರ ಹಣೆಯ ಬೋರ್ಡು ನೋಡುತ್ತಾ ಕೂತಿದ್ದವಳು, ಅದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಮುದಗಲ್ ಎಂದಳು ಸುರೇಖಾ. ಮು, ದ, ಗ, ನಿನ್ನ ಹೆಸರಿನ ಮೂರೂ ಅಲ್ಲೇ ಇದ್ದಾವೆ, ಹಿಂದುಮುಂದಾಗಿ ನಿಂತಿದ್ದಾವೆ ಅಷ್ಟೇ ಎಂದು ತೋರಿಸಿದಳು. ಗದ್ದೆಮ್ಮ ಎದ್ದು ಹೋಗಿ ಕಂಡಕ್ಟರನನ್ನು, ಇದು ಎಲ್ಲಿ ಗಾಡಿರೀ ಎಂದು ಕೇಳಿದಳು. ಮುದಗಲ್ ಎಂದ ಅವನು. ಅಷ್ಟಕ್ಕೆ ಬಿಡಲಿಲ್ಲ, ಕಿಟಕಿಯಲ್ಲಿ ಕೂತ ಒಬ್ಬ ಮುದುಕಿಯನ್ನೂ ಎಲ್ಲಿಗೆ ಹೊರಟೀಯವ್ವ ಎಂದು ಕೇಳಿ, ಮುದಗಲ್ಲಿಗೆ ಎನ್ನಿಸಿಕೊಂಡು ಬಂದಳು. ಸುರೇಖಾಳಿಗೆ ಅದು ಚುಚ್ಚಿತು. ಚುಚ್ಚಲಿ, ತನಗೆ ಸಲ್ಲಬೇಕಾದದ್ದೇ ಎಂದುಕೊಂಡಳು. ಅವ್ವ ಪಕ್ಕದಲ್ಲಿ ಕೂತು, ಆ ಗ-ವನ್ನು ಇನ್ನೊಮ್ಮೆ ತೋರಿಸು ಎಂದಳು.

ಆಮೇಲಿನ ವಾರಗಳಲ್ಲಿ ಸುರೇಖಾಳ ಬಿಡುವೆಲ್ಲ ಅವ್ವನ ಒತ್ತಕ್ಷರಕ್ಕೆ ಹೋಯಿತು. ಒತ್ತು ಬಿಟ್ಟು ಬರೆದರೂ ನಡೆಯುತ್ತದೆ, ಸಹಿ ಯಾರು ಅಷ್ಟು ನೋಡುತ್ತಾರೆ ಎಂದರೆ ಗದ್ದೆಮ್ಮ ಕೇಳುವವಳಲ್ಲ. ತನ್ನ ಹೆಸರಿನಲ್ಲಿ ಎಷ್ಟಿದೆಯೋ ಅಷ್ಟೂ ಬರಬೇಕು ಎಂದು ಹಟ ಹಿಡಿದಳು. ದ ಅಕ್ಷರದ ಕೆಳಗಿನ ಒತ್ತು ದಿನಕ್ಕೊಂದು ದಿಕ್ಕಿಗೆ ಹೊರಳುತ್ತಿತ್ತು. ಮ ಅಕ್ಷರದ ಕೆಳಗಿನದಂತೂ ಬಾಲ ಬಂದ ಹಾಗೆ ಉದ್ದವಾಗುತ್ತಿತ್ತು. ಬೇಸರ ಬಂದಾಗ ಗದ್ದೆಮ್ಮ ಸ್ಲೇಟಿನ ಮೂಲೆಯಲ್ಲಿ ಒಂದು ಕುಡುಗೋಲು ಬರೆದು ಕೈ ಹಗುರ ಮಾಡಿಕೊಂಡು, ಮತ್ತೆ ಇದಕ್ಕೆ ಬರುತ್ತಿದ್ದಳು. ಅವ್ವ ಬರೆಯುವಾಗ ಸುರೇಖಾ ಪಕ್ಕದಲ್ಲಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಓದಿದ್ದೇ ಅವಳ ತಲೆಯಲ್ಲಿ ಚೆನ್ನಾಗಿ ಉಳಿಯಿತು.

ಜಯಂತಿ ಕಳೆದ ವಾರ ಹೆಂಗಸರು ಆಟೋ ಮಾಡಿಕೊಂಡು ಸಿಂಧನೂರಿನ ಬ್ಯಾಂಕಿಗೆ ಹೋದರು. ಸುರೇಖಾಳೂ ಹೋದಳು. ಕೌಂಟರಿನ ಆಚೆ ಕೂತಿದ್ದ ಸಾಹೇಬರು ಅಧ್ಯಕ್ಷೆ ಯಾರು ಎಂದು ಕೇಳಿ, ಇಲ್ಲಿ ಸಹಿ ಮಾಡ್ರಿ ಎಂದು ಕಾಗದ ಸರಿಸಿದರು. ಹಿಂದೆ ಸಾಲು ಬೆಳೆದಿತ್ತು. ಫ್ಯಾನಿನ ಗಾಳಿಗೆ ಕಾಗದ ಏಳದ ಹಾಗೆ ಗದ್ದೆಮ್ಮ ಎಡಗೈ ಊರಿದಳು. ಕೊನೆಯ ಗಳಿಗೆಯಲ್ಲಿ ಕೈ ಗುಡಿಸಲಿನ ಕಡೆಗೆ ಎಳೆದರೆ ಎಂದು ಸುರೇಖಾ ಪೆನ್ನಿನ ತುದಿಯನ್ನೇ ನೋಡಿದಳು. ಪೆನ್ನು ಮೆಲ್ಲಗೆ ಹೊರಳಿತು. ಗ ಬಂತು. ದ್ದೆ ಬಂತು, ಒತ್ತು ಸೊಟ್ಟಗೆ, ಆದರೆ ಬಂತು. ಮ್ಮ ಬಂತು, ಬಾಲದ ಸಮೇತ.

ಗದ್ದೆಮ್ಮ ಕಾಗದವನ್ನು ಸಾಹೇಬರಿಗೆ ಕೊಡಲಿಲ್ಲ. ಪದ್ಮಾವತಿಯ ಮುಂದೆ ಹಿಡಿದು ಏನಂತ ಐತಿ ಎಂದಳು. ಪದ್ಮಾವತಿ ಓದಿದಳು, ಓದಿ, ಚಂದ ಬಂದೈತಿ ಅಕ್ಕ ಎಂದು ಅವಳ ಭುಜ ಮುಟ್ಟಿದಳು. ಗದ್ದೆಮ್ಮ ಅದನ್ನು ಸಾಹೇಬರ ಕಡೆಗೂ ತಿರುಗಿಸಿದಳು. ಅವರೂ ಓದಿದರು. ಕೊನೆಗೆ ಮಗಳ ಮುಂದೆ ಹಿಡಿದಳು.

“ಈಗ ನೀ ಓದು” ಎಂದಳು.

ಸುರೇಖಾ ಕಾಗದ ಕೈಗೆ ತೆಗೆದುಕೊಂಡಳು. ಹುಟ್ಟಿದಾಗಿನಿಂದ ಅವ್ವ ಎಂದೇ ಕರೆದವಳು, ಆ ಹೆಸರನ್ನು ಅವಳ ಮುಖ ನೋಡಿ ಒಮ್ಮೆಯೂ ಕರೆದವಳಲ್ಲ. ಹಿಂದಿನ ಸಾಲಿನವರು ಕಾಯುತ್ತಿದ್ದರು. ಅವಳು ಒಂದೊಂದೇ ಅಕ್ಷರಕ್ಕೆ ನಿಂತು, ಆಗಷ್ಟೇ ಓದು ಕಲಿತವಳ ಹಾಗೆ ಓದಿದಳು.

“ಗದ್ದೆಮ್ಮ.”

“ಹೂಂ” ಎಂದು ಓಗೊಟ್ಟಳು ಗದ್ದೆಮ್ಮ.